ಕೊಸರು

ನಮ್ಮ ಮನೆಗೂ ಟೀಚರಮ್ಮನ ಮನೆಗೂ ನಡುವೆ ಎದೆಯೆತ್ತರದ ಒಂದು ಕಾಂಪೌಂಡು ಗೋಡೆ. ಮೈಸೂರಿನ ಹಳೇ ಬಡಾವಣೆಗಳಲ್ಲಿ ಇಂಥ ಗೋಡೆ ಕಟ್ಟಿಸಿದವರು ಪುಣ್ಯಾತ್ಮರು. ಮೊಣಕೈ ಊರಿ ಮಾತಾಡುವುದಕ್ಕೇ ಅಳತೆ ಹಿಡಿದ ಹಾಗಿದೆ. ಅವರ ಕಡೆ ಕರಿಬೇವಿನ ಗಿಡ, ನಮ್ಮ ಕಡೆ ನುಗ್ಗೆ ಮರ. 22 ವರ್ಷದಿಂದ ಕರಿಬೇವು ಈಚೆಗೆ ಬರುತ್ತದೆ, ನುಗ್ಗೆಕಾಯಿ ಆಚೆಗೆ ಹೋಗುತ್ತದೆ. ಯಾರೂ ಯಾರಿಗೂ ಬೆಲೆ ಹೇಳಿದ್ದಿಲ್ಲ. ನನ್ನ ಕಷ್ಟದ ಬೇರು ಇರುವುದು ಅಲ್ಲೇ ಅಂತ ನನ್ನ ಗುಮಾನಿ.

ಎರಡು ವರ್ಷದ ಹಿಂದೆ ಮನೆಯಲ್ಲೇ ಮಕ್ಕಳ ಪುಸ್ತಕದ ವ್ಯಾಪಾರ ಶುರುಮಾಡಿದೆ. ವ್ಯಾಪಾರ ಅನ್ನುವುದು ಆಗ ದೊಡ್ಡ ಮಾತು. ಮಗಳು ಕೆಲಸಕ್ಕೆಂದು ಪುಣೆಗೆ ಹೋದ ಮೇಲೆ ಅವಳ ಕೋಣೆಯ ಕಬ್ಬಿಣದ ರ‍್ಯಾಕು ಖಾಲಿ ಬಿದ್ದಿತ್ತು. ಅದಕ್ಕೆ 18,000 ರೂಪಾಯಿಯ ಪುಸ್ತಕ ತಂದು ಜೋಡಿಸಿದೆ, ಅಷ್ಟೆ. ಮೂರು ತಿಂಗಳು ಅವನ್ನು ಓದಿದವಳು ನಾನೊಬ್ಬಳೇ. ನಮ್ಮ ಯಜಮಾನರು ದಿನಾ ಸಂಜೆ ಆ ಬಾಗಿಲಲ್ಲಿ ನಿಂತು, ರ‍್ಯಾಕನ್ನು ಮೇಲಿಂದ ಕೆಳಗೆ ನೋಡಿ, ಏನೂ ಅನ್ನದೆ ವಾಕಿಂಗಿಗೆ ಹೋಗುತ್ತಿದ್ದರು. ಏನಾದರೂ ಅಂದಿದ್ದರೆ ವಾಸಿಯಿತ್ತು.

"ಏನಮ್ಮಾ, ವ್ಯಾಪಾರ ಹೇಗಿದೆ?" ಅಂದರು ಟೀಚರಮ್ಮ ಒಂದು ದಿನ, ಕರಿಬೇವಿನ ಕಡ್ಡಿ ಚಾಚುತ್ತಾ.

"ಯಾರೂ ಕೇಳ್ತಾನೇ ಇಲ್ಲ ಟೀಚರಮ್ಮ."

"ನೀನು ಹೇಳಿದ್ದೀಯೋ ಇಲ್ವೋ?"

"ವಾಟ್ಸಾಪಲ್ಲಿ ಹಾಕಿದೀನಿ. ಬೀದಿಯವರ ಗ್ರೂಪಿಗೆ, ಅತ್ತೆ ಮನೆ ಕಡೆಯವರ ಗ್ರೂಪಿಗೆ, ನಮ್ಮ ಹೈಸ್ಕೂಲ್ ಬ್ಯಾಚಿಗೆ. 31 ಹೆಬ್ಬೆಟ್ಟು ಬಂದಿದೆ, 12 ಕೈಮುಗಿದಿರೋದು, ಒಂದು ಕೇಕು."

"ಕೇಕ್ಯಾಕೆ?"

"ಯಾರದ್ದೋ ಹುಟ್ಟಿದಹಬ್ಬ ಅಂದ್ಕೊಂಡಿರಬೇಕು."

ಟೀಚರಮ್ಮ ನಗಲಿಲ್ಲ. 35 ವರ್ಷ ಸರ್ಕಾರಿ ಪ್ರೈಮರಿ ಶಾಲೆಯಲ್ಲಿ ಪಾಠ ಮಾಡಿದವರು, ಮಕ್ಕಳು ತಪ್ಪು ಉತ್ತರ ಕೊಟ್ಟಾಗ ನಗಬಾರದು ಅನ್ನುವ ಅಭ್ಯಾಸ. "ಮೊನ್ನೆ ಆ ಮೂಲೆಮನೆ ಹುಡುಗಿ ಮಗೂನ ಕರ್ಕೊಂಡು ಬಂದಿದ್ದಳಲ್ಲ, ಪುಸ್ತಕ ತಗೊಂಡು ಹೋದಳಲ್ಲ" ಅಂದರು.

ಹೌದು, ತಗೊಂಡು ಹೋದಳು. ಎಷ್ಟು ಅಂತ ಕೇಳಿದಳು. ನಾನು "ಅಯ್ಯೋ, ಅದಕ್ಕೇನಂತೆ, ಮೊದಲು ತಗೊಂಡು ಹೋಗಿ, ಆಮೇಲೆ ನೋಡೋಣ" ಅಂದೆ. ಆಮೇಲೆ ಅಂತ ಇವತ್ತಿಗೂ ನೋಡುತ್ತಲೇ ಇದ್ದೇನೆ.

ಬೆಲೆ ಹೇಳುವಾಗ ನನ್ನ ಬಾಯಿ ಒಣಗುತ್ತದೆ. ಮಿಕ್ಕಿದ್ದೆಲ್ಲ ಸಲೀಸು. ಕಥೆ ಹೇಳು ಅಂದರೆ ಹೇಳುತ್ತೇನೆ, ಚಿತ್ರ ಯಾರದ್ದು ಅನ್ನುವುದನ್ನೂ ಹೇಳುತ್ತೇನೆ. "ಎಷ್ಟು?" ಅಂದ ಕೂಡಲೆ ಎದ್ದು ಅಡುಗೆಮನೆಗೆ ಹೋಗಿ ಕಾಫಿಗೆ ಹಾಲಿಡುತ್ತಿದ್ದೆ. ಮನೆಗೆ ಬಂದವರಿಗೆ ಕುಂಕುಮ ಕೊಟ್ಟು, ಹೂವು ಕೊಟ್ಟು, ಕಾಫಿ ಕೊಟ್ಟು ಕಳಿಸಿದ ಕೈ ಇದು. ಅದೇ ಕೈಯನ್ನು ದುಡ್ಡಿಗೆ ಚಾಚುವುದು ಹೇಗೆ? ಅಂಗಡಿಯಲ್ಲಿ ಕೂತವನಿಗೆ ಈ ಸಂಕಟವಿಲ್ಲ. ಅವನಿಗೂ ಗಿರಾಕಿಗೂ ನಡುವೆ ಒಂದು ಮೇಜಾದರೂ ಇರುತ್ತದೆ. ಮನೆಯಲ್ಲಿ ನಡುವೆ ಇರುವುದು ಕಾಫಿ ಲೋಟ.

ಹಾಗಂತ ಮನೆಯಲ್ಲಿ ಮಾರುವವರೆಲ್ಲ ನನ್ನ ಹಾಗೆ ನಾಚಿಕೊಳ್ಳುವುದಿಲ್ಲ. ನಮ್ಮ ಬೀದಿಯಲ್ಲೇ ಸೀರೆ ಮಾರುವವರಿದ್ದಾರೆ, ಹಪ್ಪಳ ಸಂಡಿಗೆ ಮಾರುವವರಿದ್ದಾರೆ, ಚೀಟಿ ನಡೆಸುವವರಿದ್ದಾರೆ. ಸೀರೆಯವರಂತೂ ಕಂತಿನ ದುಡ್ಡನ್ನು ಸತ್ಯನಾರಾಯಣ ಪೂಜೆಯ ಪಂಕ್ತಿಯಲ್ಲೇ ಕೇಳಿ ಇಸಕೊಂಡದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಪುಸ್ತಕದ ವಿಷಯಕ್ಕೇ ಯಾಕೆ ಹೀಗೆ? ಲಕ್ಷ್ಮಿ ಅತ್ತೆ, ಸರಸ್ವತಿ ಸೊಸೆ, ಒಂದೇ ಸೂರಿನಲ್ಲಿ ಇಬ್ಬರೂ ಇರೋದಿಲ್ಲ ಅನ್ನುವ ಮಾತು ಕೇಳಿ ಬೆಳೆದವರು ನಾವು. ವಿದ್ಯೆ ದಾನಕ್ಕೆ ಸರಿ, ಮಾರಾಟಕ್ಕಲ್ಲ ಅಂತ ಎಲ್ಲೋ ಒಳಗೆ ಕೂತುಬಿಟ್ಟಿದೆ. ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ, ಮಕ್ಕಳ ಚಿತ್ರದ ಪುಸ್ತಕಕ್ಕೂ ಇಲ್ಲ. ಸರ್ಕಾರಕ್ಕೇ ಕೇಳಲು ಸಂಕೋಚ, ಇನ್ನು ನಾನು ಯಾವ ಲೆಕ್ಕ!

ಇದನ್ನೆಲ್ಲ ಗೋಡೆಯ ಮೇಲಿಂದ ಒಪ್ಪಿಸಿದಾಗ ಟೀಚರಮ್ಮ ಕೇಳಿದರು, "ಗಳಗನಾಥರ ಹೆಸರು ಕೇಳಿದೀಯಾ?"

"ಪಾಠದಲ್ಲಿ ಬಂದಿತ್ತು."

"ಹಾವೇರಿ ಕಡೆಯೋರು. ಮಾಧವ ಕರುಣಾ ವಿಲಾಸ ಬರೆದೋರು. ಕನ್ನಡದಲ್ಲಿ ಕಾದಂಬರಿ ಓದೋ ಚಟ ಹತ್ತಿಸಿದ್ದೇ ಅವರು. ಪುಸ್ತಕದ ಗಂಟು ತಾವೇ ಹೊತ್ಕೊಂಡು ಊರೂರು ತಿರುಗಿ ಮಾರಿದರು ಕಣಮ್ಮ. ಅಂಥವರೇ ನಾಚಿಕೊಳ್ಳಲಿಲ್ಲ."

"ಆಮೇಲೇನಾಯ್ತು?"

"ಏನಾಗೋದು, ಕಡೇವರೆಗೂ ಬಡತನ. 1942ರಲ್ಲಿ ಹೋಗಿಬಿಟ್ಟರು."

ಇದನ್ನು ಕೇಳಿ ನನಗೆ ಧೈರ್ಯ ಬರಬೇಕಿತ್ತೋ ಹೆದರಿಕೆ ಬರಬೇಕಿತ್ತೋ ತಿಳಿಯಲಿಲ್ಲ.

ನನಗೆ ನಿಜವಾಗಿ ಪಾಠ ಹೇಳಿದವಳು ನಮ್ಮ ಬೀದಿಯ ಸೊಪ್ಪಿನವಳು. ಹಾಗಂತ ಅವಳಿಗೆ ಗೊತ್ತಿಲ್ಲ. ಬೆಳಿಗ್ಗೆ ಏಳಕ್ಕೆ ಬೀದಿಯ ಆ ತುದಿಯಲ್ಲಿ "ದಂಟೂ ಕೀರೇ ಮೆಂತ್ಯಾ ಸಬ್ಬಸಿಗೇಏಏ" ಅಂದರೆ ಈ ತುದಿಯಲ್ಲಿ ಮಲಗಿರುವ ನಾಯಿ ಎದ್ದು ಕೂರುತ್ತದೆ. ಒಂದು ದಿನ ಗೇಟಿನ ಹತ್ತಿರ ನಿಂತು ಅವಳ ಮಾತನ್ನೇ ಗಮನಿಸಿದೆ. "ಎಷ್ಟಮ್ಮಾ?" ಅಂದರೆ "ಕಟ್ಟು 15, ಎರಡಕ್ಕೆ 25." ಅಷ್ಟೇ. ಮುಂದೆ ಒಂದು ನಗು ಇಲ್ಲ, ಹಿಂದೆ ಒಂದು ರಾಗ ಇಲ್ಲ. ನಾನಾಗಿದ್ದರೆ "ಅದು 15 ಇದೆ, ಪರವಾಗಿಲ್ವಾ, ಬೇಕಾದರೆ 12 ಕೊಡಿ" ಅಂದುಬಿಟ್ಟಿರುತ್ತಿದ್ದೆ. ಗಿರಾಕಿ ಕೇಳುವ ಮುಂಚೆಯೇ ರಿಯಾಯಿತಿ ಕೊಡುವ ರೋಗ ನನ್ನದು.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಅವಳ ಇನ್ನೊಂದು ಮಾತು. ನಾನು ಮೆಂತ್ಯದ ಕಟ್ಟಿಗೆ ಕೈಹಾಕಿದೆ. "ಅದು ಬ್ಯಾಡ ಕನಕ್ಕ, ಬಲ್ತೋಗದೆ, ಕಹಿ ಬತ್ತದೆ. ಸಬ್ಬಸಿಗೆ ತಕ್ಕಳಿ, ಬೆಳಗ್ಗೆ ನಾನೇ ಕಿತ್ತಿದ್ದು" ಅಂದಳು. ತನ್ನ ಮಾಲನ್ನೇ ಬೇಡ ಅಂತಾಳೆ! ಅವಳ ಗಂಟಲಿಗೆ ಆ ಬಲ ಎಲ್ಲಿಂದ ಬಂತು ಅಂತ ಆಗ ಸ್ವಲ್ಪ ಹೊಳೆಯಿತು. ಯಾವ ಕಟ್ಟು ಯಾವ ಮಡಿಯದ್ದು, ಎಷ್ಟು ಹೊತ್ತಿಗೆ ಕಿತ್ತದ್ದು, ಸಾರಿಗೆ ಯಾವುದು, ಪಲ್ಯಕ್ಕೆ ಯಾವುದು, ಎಲ್ಲ ಅವಳಿಗೆ ಗೊತ್ತು. ನನ್ನ ರ‍್ಯಾಕಿನ ವಿಷಯ ನನಗೆ ಅಷ್ಟು ಗೊತ್ತಿತ್ತೇ?

ಗೊತ್ತಿರಲಿಲ್ಲ. ಓದಿದ್ದೆ, ಹೌದು. ದೊಡ್ಡವರು ಓದುವ ಹಾಗೆ ಓದಿದ್ದೆ. ತಾಯಂದಿರು ಬಂದು "ನಮ್ಮವನಿಗೆ 8 ವರ್ಷ, ಆ ವಯಸ್ಸಿಗೆ ಸರಿಹೋಗೋದು ಕೊಡಿ" ಅಂದರೆ, 8 ವರ್ಷದವರ ಪುಸ್ತಕ ಕೊಟ್ಟುಬಿಡುತ್ತಿದ್ದೆ. ಒಂದು ವಾರಕ್ಕೆ ಅದು ವಾಪಸ್ಸು ಬರುತ್ತಿತ್ತು, "ಅವನಿಗೆ ಕನ್ನಡ ಇಂಟರೆಸ್ಟ್ ಇಲ್ಲ ಆಂಟಿ" ಅನ್ನುವ ಷರಾದೊಂದಿಗೆ. ಆಸಕ್ತಿಗೇನು ರೋಗ! ಹುಡುಗ ಇಂಗ್ಲಿಷ್ ಮೀಡಿಯಮ್ಮು. ಇಂಗ್ಲಿಷಿನಲ್ಲಿ ದಪ್ಪ ಪುಸ್ತಕ ಓದುತ್ತಾನೆ. ಕನ್ನಡದಲ್ಲಿ ಕಾಗುಣಿತ ದಾಟಿ ಒತ್ತಕ್ಷರದ ಹೊಸಿಲಲ್ಲಿ ನಿಂತಿದ್ದಾನೆ. 'ಮರ', 'ಗಿಡ', 'ಹಸು' ಅಂತ ಗಾಡಿ ಚೆನ್ನಾಗಿ ಓಡುತ್ತಿರುತ್ತದೆ. 'ಶಾಸ್ತ್ರ' ಅಂತ ಒಂದು ಬಂತೋ, ಚಕ್ರ ಕೆಸರಿಗೆ. ಅರ್ಕಾವತ್ತಂತೂ ಇನ್ನೂ ಮೋಸದ್ದು. ಬರೆಯುವುದು ಆಮೇಲೆ, ಓದುವುದು ಮೊದಲು. 'ಸೂರ್ಯ'ನ ಎದುರು ಎಷ್ಟು ಮಕ್ಕಳು ಕಣ್ಣು ಕಿರಿದು ಮಾಡಿ ನಿಂತದ್ದನ್ನು ನೋಡಿದ್ದೇನೆ!

ಅಂಥವನಿಗೆ ಸುಲಭದ್ದಿರಲಿ ಅಂತ ನಾಲ್ಕು ವರ್ಷದವರ ಪುಸ್ತಕ ಕೊಟ್ಟರೆ ಅದು ಅವಮಾನ. "ಇದು ಪಾಪುಗಳದ್ದು" ಅಂತ ಮೂಗು ಮುರಿಯುತ್ತಾನೆ, ಸರಿಯಾಗಿಯೇ ಮುರಿಯುತ್ತಾನೆ. ಪ್ರಥಮ್ ಬುಕ್ಸಿನವರು ಪುಸ್ತಕದ ಹಿಂಬದಿಗೆ 1ರಿಂದ 4ರವರೆಗೆ ಹಂತ ಹಾಕಿರುತ್ತಾರೆ, ಅದು ದೊಡ್ಡ ಉಪಕಾರ. ಆದರೂ ನನಗೆ ಅಷ್ಟು ಸಾಲದಾಯಿತು. ಒಂದು ಉದ್ದ ನೋಟ್‌ಬುಕ್ಕಿಗೆ ಗೆರೆ ಹೊಡೆದು ಎರಡು ಕಾಲಮ್ಮು ಮಾಡಿದೆ: ಕಥೆಯ ವಯಸ್ಸು, ಅಕ್ಷರದ ವಯಸ್ಸು. ಪ್ರತಿ ಪುಸ್ತಕವನ್ನೂ ಗಟ್ಟಿಯಾಗಿ ಓದಿ, ಎಲ್ಲೆಲ್ಲಿ ಎರಡಂತಸ್ತಿನ ಅಕ್ಷರ ಬಂದಿದೆಯೋ ಗುರುತು ಹಾಕಿಕೊಂಡೆ. ಕಥೆ ಎಂಟರದ್ದು, ಅಕ್ಷರ ಐದರದ್ದು ಅನ್ನುವ ಪುಸ್ತಕಗಳು ಕಡಿಮೆ, ಹುಡುಕಿದರೆ ಸಿಗುತ್ತವೆ. ಹಾಸ್ಯದವು, ಮಾತು ಕಡಿಮೆಯಿದ್ದು ಚಿತ್ರದಲ್ಲೇ ತಲೆಹರಟೆ ಮಾಡುವಂಥವು. ಚೆನ್ನೈನ ತೂಲಿಕಾದವರ ಕನ್ನಡ-ಇಂಗ್ಲಿಷ್ ಎರಡೂ ಇರುವ ಪುಸ್ತಕಗಳೂ ಇಂಥ ಮನೆಗಳಿಗೆ ಸರಿ; ಅಪ್ಪ ಒಂದು ಸಾಲು, ಮಗ ಒಂದು ಸಾಲು. ಈಗ ಯಾರಾದರೂ ಬಂದರೆ ನಾನು ವಯಸ್ಸು ಕೇಳುವುದಿಲ್ಲ. "ಒತ್ತಕ್ಷರ ಓದ್ತಾನಾ?" ಅಂತ ಕೇಳುತ್ತೇನೆ. ಆ ಒಂದು ಪ್ರಶ್ನೆಗೆ ತಾಯಂದಿರು ಕುರ್ಚಿಯಲ್ಲಿ ಸ್ವಲ್ಪ ಮುಂದೆ ಸರಿದು ಕೂರುತ್ತಾರೆ. ಡಾಕ್ಟರು ನಾಲಿಗೆ ತೋರಿಸಿ ಅಂದಾಗ ಕೂರುವ ಹಾಗೆ.

ಇದೆಲ್ಲ ಈಚಿನ ಮಾತು. ಮೊದಲ ಬೋಣಿ ಆದದ್ದು ಆ ವರ್ಷದ ದಸರೆಯಲ್ಲಿ.

ನಮ್ಮಲ್ಲಿ ಬೊಂಬೆ ಕೂರಿಸುತ್ತೇವೆ. ಮೇಲಿನ ಮೆಟ್ಟಿಲಲ್ಲಿ ಪಟ್ಟದ ಬೊಂಬೆ, ಕೆಳಗಿಳಿದ ಹಾಗೆ ದಶಾವತಾರ, ಶೆಟ್ಟಿ ಅಂಗಡಿ, ಕ್ರಿಕೆಟ್ ಟೀಮು. ಆ ಸಲ ತೀರಾ ಕೆಳಗಿನ ಮೆಟ್ಟಿಲಿಗೆ ಪುಸ್ತಕ ಇಟ್ಟೆ. ಈ ತೆಳ್ಳನೆ ಪುಸ್ತಕಗಳಿಗೆ ಬೆನ್ನೇ ಇರುವುದಿಲ್ಲ, ನಡುವೆ ಎರಡು ಪಿನ್ನು ಹೊಡೆದಿರುತ್ತಾರೆ. ರ‍್ಯಾಕಿನಲ್ಲಿ ಒತ್ತೊತ್ತಾಗಿ ನಿಲ್ಲಿಸಿದರೆ ಏನೂ ಕಾಣದು, ಮುಖ ತೋರಿಸಿಯೇ ಇಡಬೇಕು. ಮೂರು ತಿಂಗಳು ಅವನ್ನು ಬೆನ್ನು ತಿರುಗಿಸಿ ನಿಲ್ಲಿಸಿದ್ದೆನಲ್ಲ, ಎಂಥ ಪೆದ್ದಿ! ಬೊಂಬೆ ಬಾಗಿನಕ್ಕೆ ಬಂದ ಮಕ್ಕಳ ಕಣ್ಣಿಗೆ ಮೊದಲು ಬಿದ್ದದ್ದು ಆ ಕೆಳಗಿನ ಮೆಟ್ಟಿಲೇ. ರೇಷ್ಮೆ ಲಂಗದ ಒಂದು ಹುಡುಗಿ ಕೋಡುಬಳೆ ಎಡಗೈಗೆ ದಾಟಿಸಿ, ನೆಲದ ಮೇಲೆ ಕೂತು, ಗಟ್ಟಿಯಾಗಿ ಓದಲು ಶುರುಮಾಡಿದಳು. ನಾನು ಮಾತಾಡಲಿಲ್ಲ. ಮಾತಾಡುವ ಧೈರ್ಯ ಇರಲಿಲ್ಲ ಅನ್ನುವುದೇ ಸರಿ. ಓದಿ ಮುಗಿಸಿದವಳು ಮತ್ತೆ ಮೊದಲ ಪುಟಕ್ಕೆ ಹೋದಳು. ಅವರಮ್ಮ "ಇದು ಎಷ್ಟು?" ಅಂದರು. ನಾನು ಯಥಾಪ್ರಕಾರ ಅಡುಗೆಮನೆ ಕಡೆ ತಿರುಗಿದೆ. ಅಲ್ಲಿ ಬಾಗಿಲಿಗೆ ಅಡ್ಡ ನಿಂತಿದ್ದರು ನಮ್ಮ ಅತ್ತೆ.

"ಎಷ್ಟು ಅಂತ ಕೇಳ್ತಿದಾರಲ್ಲೇ, ಹೇಳು!"

"60 ರೂಪಾಯಿ" ಅಂದೆ. ಅತ್ತೆಗೆ ಅಂದೆನೋ ಆಕೆಗೆ ಅಂದೆನೋ ಗೊತ್ತಿಲ್ಲ. ಆಕೆ ಕೊಟ್ಟರು. ಭೂಮಿ ಬಾಯಿಬಿಡಲಿಲ್ಲ.

ಮರುದಿನ ನಾಲ್ಕು ಜನ ಕೇಳಿಕೊಂಡು ಬಂದರು. ಆದರೆ ಅಂದು ಸರಸ್ವತಿ ಪೂಜೆ. ಅತ್ತೆ ನನ್ನ ಸ್ಟಾಕನ್ನೆಲ್ಲ ಎತ್ತಿ ಮಣೆಯ ಮೇಲೆ ಜೋಡಿಸಿ, ಮೇಲೊಂದು ರೇಷ್ಮೆ ವಸ್ತ್ರ ಹೊದಿಸಿ, ಅರಿಶಿನ ಕುಂಕುಮ ಏರಿಸಿಬಿಟ್ಟಿದ್ದರು. "ಪೂಜೆಗಿಟ್ಟ ಪುಸ್ತಕ ವಿಸರ್ಜನೆ ಆಗೋವರೆಗೂ ಮುಟ್ಟೋ ಹಾಗಿಲ್ಲ. ಓದೋ ಹಾಗಿಲ್ಲ ಅಂದ ಮೇಲೆ ಮಾರೋದೆಲ್ಲಿ ಬಂತು?" ಬಂದವರಿಗೆ ಕೋಸಂಬರಿ ಕೊಟ್ಟು, ವಿಜಯದಶಮಿ ಕಳೆದು ಬನ್ನಿ ಅಂತ ಕಳಿಸಿದೆ. ಅವರು ಹೋಗಿ ಇನ್ನಷ್ಟು ಜನಕ್ಕೆ ಹೇಳಿದರು. ಸಿಗುವುದಿಲ್ಲ ಅಂದರೆ ಸಾಕು, ನಮ್ಮ ಜನಕ್ಕೆ ಅದು ಬೇಕೇ ಬೇಕು. ಹಬ್ಬ ಮುಗಿದ ಎರಡು ದಿನದಲ್ಲಿ 14 ಪುಸ್ತಕ ಹೋದವು, ಒಂದೆರಡರ ಮೇಲೆ ಕುಂಕುಮದ ಗುರುತೂ ಇತ್ತು.

"ನಿಮ್ಮತ್ತೆ ಯಾವ ಎಂಬಿಎ ಓದಿದಾರಮ್ಮಾ?" ಅಂದರು ಟೀಚರಮ್ಮ ಗೋಡೆಯಾಚೆಯಿಂದ.

ಟೀಚರಮ್ಮನ ಕೊಡುಗೆಯೂ ಒಂದಿದೆ. "ಚಂದಮಾಮ ಕನ್ನಡಕ್ಕೆ ಬಂದದ್ದೂ ನಾನು ಹುಟ್ಟಿದ್ದೂ ಒಂದೇ ವರ್ಷ, 1949" ಅಂತ ಅವರು ಹೆಮ್ಮೆಯಿಂದ ಹೇಳುತ್ತಾರೆ, ಎರಡಕ್ಕೂ ತಾವೇ ಕಾರಣ ಅನ್ನುವ ಹಾಗೆ. ಅವರ ಟ್ರಂಕಿನಲ್ಲಿ ರಾಷ್ಟ್ರೋತ್ಥಾನದ ಭಾರತ-ಭಾರತಿ ಮಾಲೆಯ ಅಂಗೈಯಗಲದ ಪುಸ್ತಕಗಳಿವೆ. ಆ ಮಾಲೆಯಲ್ಲಿ ಒಟ್ಟು 510 ಬಂದವಂತೆ, ಇವರ ಹತ್ತಿರ ನೂರರ ಮೇಲಿದೆ. ಶನಿವಾರ ಕಡೇ ಪೀರಿಯಡ್ಡಿನಲ್ಲಿ ಒಂದನ್ನು ತೆಗೆದು ಓದುತ್ತಿದ್ದರಂತೆ. "ಪೂರ್ತಿ ಓದಿದೆಯೋ ಕೆಟ್ಟೆ ಕಣಮ್ಮ. ಹುಲಿ ಬಂತು ಅನ್ನೋ ಕಡೆ ಪುಸ್ತಕ ಮುಚ್ಚಿ ಬೆಲ್ ಹೊಡೆಸಿಬಿಡು. ಸೋಮವಾರ ಬೆಳಿಗ್ಗೆ ನನ್ನ ಮೇಜಿನ ಮುಂದೆ ಸಾಲು ನಿಂತಿರ್ತಿತ್ತು." ಈಗ ನಾನೂ ಎರಡನೇ ಶನಿವಾರ ಹಜಾರದಲ್ಲಿ ಮಕ್ಕಳನ್ನು ಕೂರಿಸಿಕೊಂಡು ಅರ್ಧ ಓದಿ ಮುಚ್ಚುತ್ತೇನೆ. ಇದು ಸ್ವಲ್ಪ ಕ್ರೂರ ಅಂತ ಅನ್ನಿಸುತ್ತದೆ. ಆದರೂ ಮಾಡುತ್ತೇನೆ.

ಸೋತ ದಿನಗಳೂ ಬೇಕಾದಷ್ಟಿವೆ. ಒಂದು ಅಪಾರ್ಟ್‌ಮೆಂಟಿನ ಸಂತೆಯಲ್ಲಿ ಮೇಜು ಹಾಕಿದ್ದೆ. ಒಬ್ಬ ಮಹಾನುಭಾವ ಒಂದೊಂದೇ ಪುಸ್ತಕ ಕೈಗೆತ್ತಿಕೊಂಡು ನನ್ನಿಂದ ಒತ್ತಕ್ಷರದ ಪುರಾಣವನ್ನೆಲ್ಲ ಕೇಳಿ, ಮುಖಪುಟದ ಫೋಟೊ ಹೊಡೆದುಕೊಂಡು, ನನ್ನೆದುರಿಗೇ ಫೋನಿನಲ್ಲಿ ಆರ್ಡರು ಹಾಕಿ, "15 ಪರ್ಸೆಂಟ್ ಕಮ್ಮಿ ಇದೆ ನೋಡಿ" ಅಂತ ನನಗೇ ತೋರಿಸಿದ. ಒಂದು ಶಾಲೆಯಲ್ಲಿ ಮೂರು ಗಂಟೆ ಬೆಂಚಿನ ಮೇಲೆ ಕಾದೆ, ಕೊನೆಗೆ ಲೈಬ್ರರಿಗೆ 20 ಪುಸ್ತಕ ಸುಮ್ಮನೆ ಕೊಟ್ಟರೆ ಯೋಚನೆ ಮಾಡ್ತೀವಿ ಅಂದರು. ಆ ದಿನ ಈರುಳ್ಳಿ ಹೆಚ್ಚುತ್ತಾ ಅತ್ತುಬಿಟ್ಟೆ. ಈರುಳ್ಳಿಯ ನೆಪ ಇದ್ದದ್ದು ಒಳ್ಳೆಯದಾಯಿತು.

"ಇದೆಲ್ಲ ಫೋನಲ್ಲೇ ಫ್ರೀ ಸಿಗುತ್ತಲ್ಲ?" ಅನ್ನುವವರಿಗೆ ಮೊದಮೊದಲು ಉತ್ತರ ತೋಚದೆ ತೊದಲುತ್ತಿದ್ದೆ. ಸಿಗುವುದು ನಿಜ. ಪ್ರಥಮ್‌ನವರು 2015ರಲ್ಲೇ ಸ್ಟೋರಿವೀವರ್ ಅಂತ ಮಾಡಿ, ಕನ್ನಡದ್ದೂ ಸೇರಿ ಸಾವಿರಾರು ಕಥೆಗಳನ್ನು ಬಿಟ್ಟಿಯಾಗಿ ಇಟ್ಟಿದ್ದಾರೆ. ನಾನೇ ಅಲ್ಲಿ ಓದಿ ನೋಡಿ ತರಿಸುವುದು. ಈಗ ನಾನಾಗಿಯೇ ಹೇಳುತ್ತೇನೆ: "ಮೊದಲು ಫೋನಲ್ಲೇ ಓದಿಸಿ. ಮೂರನೇ ಸಲ ಅದೇ ಕಥೆ ಬೇಕು ಅಂದರೆ ಆಗ ಬನ್ನಿ." ಬರುತ್ತಾರೆ. ಬಲಿತ ಮೆಂತ್ಯ ಬೇಡ ಅಂದವಳ ಹತ್ತಿರ ನಾನು ದಿನಾ ಹೋಗುವುದಿಲ್ಲವೇ, ಹಾಗೆ.

ಲೆಕ್ಕದ ವಿಷಯ ಜಾಸ್ತಿ ಬೇಡ, ಕೇಳಿದರೆ ನಮ್ಮ ಯಜಮಾನರ ಹಾಗೆ ನೀವೂ ವಾಕಿಂಗಿಗೆ ಹೋದೀರಿ. 60 ರೂಪಾಯಿಯ ಪುಸ್ತಕಕ್ಕೆ ನೂರಕ್ಕೆ 25ರ ಹಾಗೆ ನನಗೆ ಉಳಿಯುವುದು 15. ಹಳೆಯ ಬುಕ್ ಪೋಸ್ಟ್ 2024ರ ಕೊನೆಯಲ್ಲಿ ನಿಂತಾಗ ಕಂಗಾಲಾಗಿದ್ದೆ. 2025ರ ಮೇ 1ರಿಂದ ಅಂಚೆಯವರು ಜ್ಞಾನ ಪೋಸ್ಟ್ ಅಂತ ತಂದರು. 300 ಗ್ರಾಮಿನವರೆಗೆ 20 ರೂಪಾಯಿ, 5 ಕಿಲೋದವರೆಗೆ 100, ತೆರಿಗೆ ಬೇರೆ. ಅಂದರೆ ಒಂದೇ ಪುಸ್ತಕ ಕಳಿಸಿ ಅಂಚೆ ನಾನೇ ಹಾಕಿದರೆ ತೆರಿಗೆ ಬಿಟ್ಟೇ ಕೈಯಿಂದ 5 ರೂಪಾಯಿ ಖೋತಾ. ಹೀಗಾಗಿ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ತೂಗಿ, ತೆಳ್ಳನೆಯವು ಮೂರು ಹಾಕಿದರೆ 300ರೊಳಗೆ ಕೂರುತ್ತದೆ ಅಂತ ಕಂಡುಕೊಂಡೆ. "ಒಂದು ಕಳಿಸಲ್ಲ, ಮೂರು ತಗೊಳ್ಳಿ, ಅಂಚೆ ಖರ್ಚು ನಿಮ್ಮದೇ" ಅಂತ ಧಾರವಾಡದ ಒಬ್ಬರಿಗೆ ಫೋನಿನಲ್ಲಿ ಹೇಳಿದ ದಿನ ನನ್ನ ಧ್ವನಿ ನನಗೇ ಯಾರದ್ದೋ ಅನ್ನಿಸಿತು.

ಫೋನಿನಲ್ಲಿ ಹೇಳಿದೆ, ಸರಿ. ಮುಖ ನೋಡಿ ಹೇಳುವುದು ಇನ್ನೂ ಕಷ್ಟವೇ. ಹೋದ ವಾರ ಸೊಪ್ಪಿನವಳು ಬುಟ್ಟಿ ಇಳಿಸಿ, ಸೆರಗಲ್ಲಿ ಮುಖ ಒರೆಸಿಕೊಂಡು, "ಅಕ್ಕಾ, ನೀವು ಪುಸ್ತಕ ಮಾರ್ತೀರಂತಲ್ಲ. ಮೊಮ್ಮಗಳಿಗೆ ಒಂದು ಕೊಡಿ" ಅಂದಳು.

"ಎಷ್ಟನೇ ಕ್ಲಾಸು? ಒತ್ತಕ್ಷರ ಓದ್ತಾಳಾ?"

"ಮೂರ್ನೇದು, ಗೌರ್ಮೆಂಟ್ ಇಸ್ಕೂಲು. ಒತ್ತು ಗಿತ್ತು ನಂಗೊತ್ತಿಲ್ಲ. ಬಸ್ಸಿನ ಬೋಲ್ಡು, ಗೊಬ್ಬರದ ಚೀಲ, ಗ್ವಾಡೆ ಮ್ಯಾಲಿನ ಪೋಸ್ಟ್ರು, ಏನ್ ಸಿಕ್ರೂ ಓದ್ತಳೆ."

ಅಂಥವಳಿಗೆ ಮೂರನೇ ಹಂತದ್ದೇ ಆಗಬೇಕು. ಅಪಾರ್ಟ್‌ಮೆಂಟಿನ 10 ವರ್ಷದವರಿಗೆ ಕೊಡಲು ಹೆದರುವ ಪುಸ್ತಕ ತಂದು ಕೈಗಿಟ್ಟೆ. "ತಗೋಮ್ಮ, ದುಡ್ಡೇನೂ ಬೇಡ" ಅಂತ ನಾಲಿಗೆಯ ತುದಿಗೆ ಬಂದೇ ಬಿಟ್ಟಿತು. ಅವಳ ಮುಖ ನೋಡಿದೆ. ಆಚೆ ಕಡೆ ಟೀಚರಮ್ಮ ಮೊಣಕೈ ಊರಿ ನಿಂತಿದ್ದರು.

"ಎಷ್ಟಕ್ಕಾ?"

"60."

"50 ಮಾಡ್ಕಳಿ."

"60."

"ನನ್ ಸೊಪ್ಪಿಗೆ ನೀವು ಚೌಕಾಸಿ ಮಾಡಲ್ವಾ?"

"ಮಾಡ್ತೀನಿ. ನೀನು ಬಿಡ್ತೀಯಾ?"

ಅವಳು ಪುಸ್ತಕವನ್ನು ಗೋಡೆಯ ಮೇಲಿಟ್ಟು, ಬುಟ್ಟಿ ತಲೆಗೇರಿಸಿ ನಡೆದೇಬಿಟ್ಟಳು. ನಾಲ್ಕು ಹೆಜ್ಜೆ. ಐದು. ಕರೆಯಬೇಕು ಅಂತ ಗಂಟಲು ತುರಿಸುತ್ತಿತ್ತು. ಟೀಚರಮ್ಮ ಕಣ್ಣಲ್ಲೇ ಬೇಡ ಅಂದರು. ಅವರ ಗೇಟು ದಾಟಿ ಮುಂದಿನ ಗೇಟಿನ ಹತ್ತಿರ ಹೋಗಿ ನಿಂತಳು, ತಿರುಗಿದಳು, ಬಂದಳು. ಸೊಂಟದ ಎಲೆಯಡಿಕೆ ಚೀಲ ಬಿಚ್ಚಿ, ಹತ್ತರ ನೋಟು ಆರು ಎಣಿಸಿ ನನ್ನ ಅಂಗೈಗೆ ಒತ್ತಿ, ಪುಸ್ತಕವನ್ನು ಸೊಪ್ಪಿನ ಒದ್ದೆ ತಾಗದ ಹಾಗೆ ರವಿಕೆಯೊಳಕ್ಕೆ ಸಿಕ್ಕಿಸಿಕೊಂಡಳು.

"ಕೊಸರು ಕೊಡಾಕಿಲ್ವಾ?"

ಪುಸ್ತಕಕ್ಕೆ ಕೊಸರು ಏನು ಕೊಡುವುದು? ಸುತ್ತ ನೋಡಿದೆ. ದೋಟಿ ತಗೊಂಡು ಎರಡು ನುಗ್ಗೆಕಾಯಿ ಎಳೆದು ಅವಳ ಬುಟ್ಟಿಗೆ ಹಾಕಿದೆ.

"ಅಯ್ಯೋ, ಅವು ನಾಳೆ ಸಾರಿಗೆ ಅಂತ ನಾನು ಗುರುತಿಟ್ಟಿದ್ದು ಕಣೇ!" ಅಂದರು ಟೀಚರಮ್ಮ.